ನಾಯಿಗೆ ರಾಗಿ ಬಿಸ್ಕೆಟ್: ಮುಟ್ಟಿದರೆ ಪುಡಿ, ನಾಲ್ಕು ದಿನಕ್ಕೆ ಬೂಷ್ಟು. ಎಲ್ಲಿ ತಪ್ಪುತ್ತಿದೆ?

ಕರಿಯನಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಬಿಸ್ಕೆಟ್ ಬಗ್ಗೆ. ಆದರೆ ಮಾತು ಶುರು ಮಾಡಬೇಕಾದ್ದು ನಮ್ಮ ಮಾವನವರಿಂದ.

ನಮ್ಮ ಕರಿಯ ಬೀದಿ ನಾಯಿ. ಆರು ವರ್ಷದ ಹಿಂದೆ, ಮಳೆಗಾಲದಲ್ಲಿ, ಸ್ಕೂಟರ್ ಕವರ್ ಎತ್ತಿದರೆ ಒಳಗೆ ಮುದುರಿಕೊಂಡು ಕೂತಿತ್ತು. ಆವತ್ತು ಅಂಗೈಯಲ್ಲಿ ಹಿಡಿಯುವಷ್ಟಿದ್ದವನು ಈಗ 23 ಕೆ.ಜಿ. ಇರಬೇಕಾದದ್ದು 19. ಮರಿ ಆಗದ ಹಾಗೆ ಆಪರೇಷನ್ ಆದ ನಾಯಿ, ಬೇಗ ಮೈ ಬರುತ್ತೆ, ದಿನಕ್ಕೆ ಎಲ್ಲ ಸೇರಿ 700 ಕ್ಯಾಲೊರಿ ದಾಟಬಾರದು ಅಂತ ಡಾಕ್ಟ್ರು ಚೀಟಿಯಲ್ಲೇ ಬರೆದುಕೊಟ್ಟಿದ್ದಾರೆ. ಊಟ ನಾನು ತೂಕ ಮಾಡಿಯೇ ಹಾಕುತ್ತೇನೆ. ಮತ್ತೆ ಈ ಮೈ ಎಲ್ಲಿಂದ ಬಂತು?

ಮಾವನ ಕಾಫಿಯಿಂದ. ರಿಟೈರ್ ಆದಮೇಲೆ ಅವರಿಗೆ ದಿನಕ್ಕೆ ನಾಲ್ಕು ಕಾಫಿ. ಪ್ರತಿ ಕಾಫಿಗೂ ನಾಲ್ಕು ಗ್ಲುಕೋಸ್ ಬಿಸ್ಕೆಟ್, ಎರಡು ತಮಗೆ, ಎರಡು ಕರಿಯನಿಗೆ. ಪ್ಯಾಕೆಟ್ ಹಿಂದೆ ನೋಡಿ ಲೆಕ್ಕ ಹಾಕಿದೆ. ಒಂದು ಬಿಸ್ಕೆಟ್ಟಿಗೆ ಸುಮಾರು 20 ಕ್ಯಾಲೊರಿ. ಎಂಟಕ್ಕೆ 160! ಬೇಡ ಅಂತ ಹೇಳಿಯೂ ನೋಡಿದೆ. "ನನ್ನ ಮುಖಾನೇ ನೋಡ್ತಾ ಕೂತಿರ್ತಾನಮ್ಮ, ನಾನೊಬ್ಬನೇ ಹೇಗೆ ತಿನ್ನಲಿ" ಅಂತಾರೆ. ಅವರಿಬ್ಬರ ಮಧ್ಯೆ ಹೋಗುವ ಧೈರ್ಯ ನನಗಿಲ್ಲ. ಅದಕ್ಕೆ, ಕೊಡುವುದನ್ನು ನಿಲ್ಲಿಸುವ ಬದಲು ಕೊಡುವ ಬಿಸ್ಕೆಟ್ಟನ್ನೇ ಬದಲಾಯಿಸೋಣ ಅಂತ ಹೊರಟೆ.

ಎರಡು ಕಪ್ ರಾಗಿ ಹಿಟ್ಟು, ಒಂದು ಕಳಿತ ಪಚ್ಚಬಾಳೆ, ಎರಡು ಚಮಚ ಬೆಲ್ಲ, ಸ್ವಲ್ಪ ಎಣ್ಣೆ, ತಣ್ಣೀರು. ಓಟಿಜಿ ಓವನ್ನಿನಲ್ಲಿ 180 ಡಿಗ್ರಿ, 20 ನಿಮಿಷ. ಲಟ್ಟಿಸುವಾಗಲೇ ಅಂಚೆಲ್ಲ ಬಿರುಕು. ಬೆಂದ ಮೇಲೆ ಕೈಗೆ ತೆಗೆದುಕೊಂಡರೆ ಮುರಿಯಿತು, ಬಾಯಿಗೆ ಕೊಟ್ಟರೆ ಪುಡಿಯಾಯಿತು. ಕರಿಯನಿಗೆ ಏನೂ ಬೇಜಾರಿಲ್ಲ, ಹಾಲ್‌ನ ಟೈಲ್ಸ್ ನೆಕ್ಕಿ ಫಳಫಳ ಮಾಡಿದ. ಉಳಿದದ್ದನ್ನು ಡಬ್ಬಕ್ಕೆ ಹಾಕಿಟ್ಟರೆ ನಾಲ್ಕನೇ ದಿನ ಬಿಳಿ ಬೂಷ್ಟು.

ಪುಡಿಯಾಗದ ಹಾಗೆ ಏನು ಮಾಡಬೇಕು? ಬೂಷ್ಟು ಬಂದ ಜಾಗ ಕೆರೆದು ಕೊಡಬಹುದಾ? ಮುಂದಿನ ಸಲ ಬೆಲ್ಲ ಬಿಟ್ಟು ಒಣದ್ರಾಕ್ಷಿ ರುಬ್ಬಿ ಹಾಕೋಣ ಅಂತಿದ್ದೇನೆ, ಆರೋಗ್ಯಕ್ಕೆ ಒಳ್ಳೇದಲ್ವಾ? ಇನ್ನೊಂದು. ಮಾವ ಬಿಸ್ಕೆಟ್ ಗಟ್ಟಿ ಅನ್ನಿಸಿದರೆ ತಮ್ಮ ಕಾಫಿಯಲ್ಲಿ ಅದ್ದಿ ಕೊಡುತ್ತಾರೆ. ಪರವಾಗಿಲ್ವಾ?


ಹುಬ್ಬಳ್ಳಿ ಹುಡುಗ

ಅಕ್ಕಾ, ಒಣದ್ರಾಕ್ಷಿ ಮಾತ್ರ ಬೇಡವೇ ಬೇಡ. ಮೊದಲು ಆ ಡಬ್ಬ ಮೇಲಿನ ಶೆಲ್ಫಿಗೆ ಎತ್ತಿಡಿ, ಆಮೇಲೆ ಮುಂದೆ ಓದಿ.

ಎರಡು ವರ್ಷದ ಹಿಂದೆ ಗಣಪತಿ ಹಬ್ಬದಲ್ಲಿ ನಮ್ಮ ಟಾಮಿ ಪ್ರಸಾದದ ಪೊಟ್ಟಣ ಹರಿದು ಒಂದು ಹಿಡಿ ದ್ರಾಕ್ಷಿ ತಿಂದ. ದ್ರಾಕ್ಷಿ ತಾನೇ ಅಂತ ನಾವೂ ನಕ್ಕೆವು. ರಾತ್ರಿ ಹತ್ತಕ್ಕೆ ಶುರುವಾಯಿತು ವಾಂತಿ. ಬೆಳಗ್ಗೆ ಏಳಲಿಲ್ಲ, ನೀರು ಮುಟ್ಟಲಿಲ್ಲ. ಮೂರು ದಿನ ಗ್ಲುಕೋಸ್ ಬಾಟಲಿ ಏರಿಸಿ ಕಿಡ್ನಿ ಉಳಿಸಿಕೊಂಡೆವು. ತಿಂದ ತಕ್ಷಣ ತಂದಿದ್ದರೆ ವಾಂತಿ ಮಾಡಿಸಿ ಅಷ್ಟಕ್ಕೇ ಮುಗಿಸಬಹುದಿತ್ತು ಅಂದರು ಡಾಕ್ಟರ್. ಈಗ ನಮ್ಮ ಮನೆಯಲ್ಲಿ ಕೇಸರಿಬಾತಿಗೂ ದ್ರಾಕ್ಷಿ ಹಾಕುವುದಿಲ್ಲ.


ಬಚ್ಚಲೊಲೆ, ತೀರ್ಥಹಳ್ಳಿ

ಬೂಷ್ಟಿನ ವಿಷಯಕ್ಕೆ ಉತ್ತರ ಹೇಳುವ ಹಕ್ಕು ನಮ್ಮೂರಿನವರಿಗೆ ಬಿಟ್ಟರೆ ಇನ್ಯಾರಿಗಿದೆ ಹೇಳಿ. ಜುಲೈಯಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತೆ.

ಕೆರೆದು ಕೊಡಬೇಡಿ. ಕಣ್ಣಿಗೆ ಕಾಣುವುದು ಮೇಲಿನ ನಯ ಮಾತ್ರ, ಬೇರು ಒಳಗಿರುತ್ತದೆ. ಬೂಷ್ಟಿನ ವಿಷ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಇಡೀ ಡಬ್ಬ ಚೆಲ್ಲಿ. ಕಡಲೆಬೀಜ ಹಾಕುವವರು ಇನ್ನೂ ಹುಷಾರಾಗಿರಬೇಕು. ಮುಗ್ಗಲು ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ನಾಯಿಯ ಲಿವರ್‌ಗೆ ನೇರ ಹೊಡೆತ. ನಾನು ಒಂದೊಂದೇ ಬೀಜ ಬಿಡಿಸಿ ನೋಡಿ, ಸುಕ್ಕಾದದ್ದು, ಕಪ್ಪಾದದ್ದು ಎಲ್ಲ ಎಸೆದು ಆಮೇಲೆ ಹುರಿಯುತ್ತೇನೆ. ನನ್ನ ಹೆಂಡತಿಗೆ ಹೊಟ್ಟೆಕಿಚ್ಚು, "ಚಟ್ನಿಗೆ ಒಂದು ದಿನ ಹೀಗೆ ಬೀಜ ಆರಿಸಿಕೊಟ್ಟಿದ್ದೀರಾ" ಅಂತ.

ನಿಮ್ಮ ಬಿಸ್ಕೆಟ್ ಬೆಂದಿದೆ, ಆದರೆ ಒಣಗಿಲ್ಲ. ಬೇಯುವುದು ಬೇರೆ, ಒಣಗುವುದು ಬೇರೆ. ಬೇಕರಿಯವರು ರಸ್ಕ್ ಎರಡು ಸಲ ಸುಡುವುದು ಇದಕ್ಕೇ. ನಾನು 170 ಡಿಗ್ರಿಯಲ್ಲಿ 25 ನಿಮಿಷ ಬೇಯಿಸುತ್ತೇನೆ. ಆಮೇಲೆ ಶಾಖ 100ಕ್ಕೆ ಇಳಿಸಿ ಇನ್ನೂ ಒಂದು ಗಂಟೆ. ನಂತರ ಸ್ವಿಚ್ ಆರಿಸಿ, ಬಾಗಿಲು ತೆಗೆಯದೆ ಅಲ್ಲೇ ತಣ್ಣಗಾಗಲು ಬಿಡುತ್ತೇನೆ. ಒಂದನ್ನು ಮುರಿದು ನೋಡಿ. "ಟಕ್" ಅನ್ನಬೇಕು. ಬಾಗಿ ಮುರಿದರೆ ಒಳಗೆ ನೀರಿದೆ ಅಂತ ಅರ್ಥ, ಮತ್ತೆ ಒಳಗಿಡಿ. ಬಿಸಿ ಇರುವಾಗ ಮಾತ್ರ ಡಬ್ಬ ಮುಚ್ಚಬೇಡಿ, ಮುಚ್ಚಳದ ಅಡಿ ಬೆವರಿ ನೀವು ಒಣಗಿಸಿದ್ದೆಲ್ಲ ವಾಪಸ್ ಒದ್ದೆಯಾಗುತ್ತೆ.

ಒಮ್ಮೆ ಕರೆಂಟ್ ಇಲ್ಲದೆ ಬಚ್ಚಲೊಲೆ ಮೇಲೆ ಜರಡಿ ಇಟ್ಟು ಒಣಗಿಸಿದೆ. ಬಿಸ್ಕೆಟ್ಟೆಲ್ಲ ಹೊಗೆ ವಾಸನೆ. ನಾಯಿಗಳು ಹುಚ್ಚು ಹಿಡಿದ ಹಾಗೆ ತಿಂದವು. ಆದರೂ ಮಸಿ ತಿನ್ನಿಸುವುದು ಯಾಕೆ ಅಂತ ಬಿಟ್ಟೆ. ಹೆಸರಿಗೆ ಮಾತ್ರ ಅದು ಉಳಿದುಕೊಂಡಿದೆ.


ಕುಕ್ಕರ್ ಬೇಕರಿ, ಹಾಸನ

ಕರಿಯನಮ್ಮ, ರಾಗಿಗೆ ತಣ್ಣೀರು ಹಾಕಿ ಕಲಸಿದ್ದೀರಲ್ಲ, ಅಲ್ಲೇ ಎಡವಟ್ಟು. ಗೋಧಿಯಲ್ಲಿರುವ ಅಂಟು, ಅದೇ ಗ್ಲೂಟನ್, ರಾಗಿಯಲ್ಲಿ ಇಲ್ಲ. ರಾಗಿ ರೊಟ್ಟಿಗೆ ಬಿಸಿನೀರು ಯಾಕೆ ಹಾಕುತ್ತೀವಿ? ಹಿಟ್ಟು ಅರ್ಧ ಬೆಂದು ಅಂಟು ಬರಲಿ ಅಂತ. ಇಲ್ಲೂ ಅಷ್ಟೇ.

ನನ್ನ ಅಳತೆ ಹೇಳುತ್ತೇನೆ. ಒಂದು ಕಪ್ ರಾಗಿ ಹಿಟ್ಟು ಅಗಲ ಪಾತ್ರೆಗೆ ಹಾಕಿ, ಕಾಲು ಕಪ್ ಕುದಿಯುವ ನೀರು ಸುರಿದು ಚಮಚದ ಹಿಡಿಯಲ್ಲಿ ತಿರುವಿ ಮುಚ್ಚಿಡಿ. ಹತ್ತು ನಿಮಿಷ ಮುಟ್ಟಬೇಡಿ. ಆಮೇಲೆ ಬೇಯಿಸಿ ನುರಿದ ಸಿಹಿಗುಂಬಳ ಕಾಲು ಕಪ್, ಒಂದು ಮೊಟ್ಟೆ, ಒಂದು ಟೀ ಚಮಚ ಕೊಬ್ಬರಿ ಎಣ್ಣೆ, ಅರ್ಧ ಕಪ್ ಗೋಧಿ ಹಿಟ್ಟು. ಹಿಟ್ಟು ಬೆಚ್ಚಗಿದ್ದರೆ ಸಾಕು. ಸುಡುತ್ತಿದ್ದರೆ ಮೊಟ್ಟೆ ಅಲ್ಲೇ ಬೆಂದು ಗಂಟಾಗುತ್ತೆ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಅಂಟಿದರೆ ಇನ್ನೊಂದು ಚಮಚ ಗೋಧಿ ಹಿಟ್ಟು. ಕುಂಬಳ ಬರೀ ನೀರಲ್ಲಿ ಬೇಯಿಸಿದ್ದೇ ಆಗಬೇಕು. ಸಾಂಬಾರಿನಿಂದ ಎತ್ತಿದ ಹೋಳು ತೊಳೆದರೂ ಬೇಡ, ಈರುಳ್ಳಿ ರಸ ಒಳಗೆ ಇಳಿದಿರುತ್ತೆ. ಉಪ್ಪು, ಬೆಲ್ಲ, ಸೋಡಾ ಯಾವುದೂ ಇಲ್ಲ. ನಾಯಿಗೆ ಬಿಸ್ಕೆಟ್ ಉಬ್ಬಿ ಏನಾಗಬೇಕು?

ಎಣ್ಣೆ ಕವರ್ ಕತ್ತರಿಸಿ, ಅದರ ಮೇಲಿಟ್ಟು ಲಟ್ಟಿಸಿ. ಅರ್ಧ ಸೆಂಟಿಮೀಟರ್ ದಪ್ಪ. ಮೂಳೆ ಆಕಾರದ ಅಚ್ಚು ಹುಡುಕಲು ಹೋಗಬೇಡಿ, ಅದೆಲ್ಲ ಫೋಟೋಗೆ. ನೀರಿನ ಬಾಟಲಿ ಮುಚ್ಚಳ ಚೆನ್ನಾಗಿ ತೊಳೆದು ಅದರಲ್ಲೇ ಒತ್ತಿ. ಒಂದು ಸಲಕ್ಕೆ ಸುಮಾರು 80 ಬಿಲ್ಲೆ ಬರುತ್ತೆ. ಎಲ್ಲ ಸಾಮಾನಿನ ಕ್ಯಾಲೊರಿ ಕೂಡಿಸಿದರೆ 720ರ ಹತ್ತಿರ. ಅಂದರೆ ಬಿಲ್ಲೆಗೆ 9. ನಿಮ್ಮ ಮಾವನಿಗೆ ಇದೇ ಸರಿ. ನಾಯಿ ಲೆಕ್ಕ ಇಡುವುದು ಕೈ ಎಷ್ಟು ಸಲ ಬಂತು ಅಂತ, ತುಂಡು ಎಷ್ಟು ದೊಡ್ಡದು ಅಂತ ಅಲ್ಲ.

ನನ್ನ ಹತ್ತಿರ ಓವನ್ ಇಲ್ಲ. ಹಳೇ ಅಲ್ಯೂಮಿನಿಯಂ ಕುಕ್ಕರ್, ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ತಳಕ್ಕೆ ಒಂದಿಂಚು ಕಲ್ಲುಪ್ಪು, ಮೇಲೊಂದು ಸ್ಟ್ಯಾಂಡ್, ಅದರ ಮೇಲೆ ತಟ್ಟೆ. ಮೊದಲು ಹತ್ತು ನಿಮಿಷ ಖಾಲಿ ಕಾಯಿಸಬೇಕು. ಸಣ್ಣ ಉರಿಯಲ್ಲಿ ಅರ್ಧ ಗಂಟೆ. ತೀರ್ಥಹಳ್ಳಿ ಸರ್ ಹೇಳಿದಷ್ಟು ಒಣಗುವುದಿಲ್ಲ, ಅದಕ್ಕೆ ನಾನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸುತ್ತೇನೆ. ಜಾಸ್ತಿ ಮಾಡಿದರೆ ಫ್ರೀಜರ್‌ಗೆ.


ಚಂದ್ರಿ ಮನೆಯವರು, ಬಾಗಲಕೋಟೆ

ಓವನ್ ಅಂತೀರಿ, ಕುಕ್ಕರ್ ಅಂತೀರಿ. ನಮ್ಮ ಕಡೆ ಖಡಕ್ ರೊಟ್ಟಿ ಇದೆಯಲ್ಲ ರೀ? ಬರೀ ಜೋಳದ ಹಿಟ್ಟು, ಬಿಸಿನೀರು. ಎಣ್ಣೆ ಇಲ್ಲ, ಸಿಹಿ ಇಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗ ನಮ್ಮ ಚಂದ್ರಿಗೆ ಅಂತ ಉಪ್ಪು ಹಾಕದೆ ಎರಡು ಬೇರೆ ಬಡಿಯುತ್ತಾರೆ. ಒಣಗಿಸಿಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಚೂರು ಮುರಿದು ಕೊಟ್ಟರೆ ಕಟಂ ಕುಟುಂ ಅಂತ ತಿನ್ನುತ್ತಾಳೆ. ಚಂದ್ರಿ ಮುಧೋಳ ನಾಯಿ, 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ, ಗತ್ತು ಬಹಳ. ಪೇಟೆ ಬಿಸ್ಕೆಟ್ ಮೂಸಿ ನೋಡಿ ಮುಖ ತಿರುವುತ್ತಾಳೆ.


ದನದ ಡಾಕ್ಟ್ರು

ನಾನು ಪಶುವೈದ್ಯ. ಹಳ್ಳಿ ಕಡೆ ಕೆಲಸ, ಜಾಸ್ತಿ ನೋಡುವುದು ಎಮ್ಮೆ ದನ, ಆದರೆ ನಾಯಿಗಳೂ ಬರುತ್ತವೆ. ಮೇಲಿನವರು ಹೇಳಿದ್ದು ಸರಿ ಇದೆ. ಬಿಟ್ಟಿರುವುದನ್ನು ಮಾತ್ರ ಸೇರಿಸುತ್ತೇನೆ.

ಕಾಫಿ ಅದ್ದುವುದು ಇವತ್ತೇ ನಿಲ್ಲಲಿ. ಕೆಫೀನ್ ನಾಯಿಯ ಹೃದಯಕ್ಕೆ ಆಗುವುದಿಲ್ಲ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಕೂಡ ಅದೇ ವಂಶದ್ದು. ಗಟ್ಟಿ ಆದರೆ ಬರೀ ನೀರಲ್ಲಿ ಅದ್ದಿ ಕೊಡಿ.

ದ್ರಾಕ್ಷಿಯ ತೊಂದರೆ ಏನೆಂದರೆ, ಇಷ್ಟು ತಿಂದರೆ ಅಪಾಯ ಅಂತ ಗೆರೆ ಎಳೆಯಲು ಬರುವುದಿಲ್ಲ. ಒಂದು ನಾಯಿ ಹಿಡಿ ತಿಂದು ಆರಾಮಾಗಿರುತ್ತೆ, ಇನ್ನೊಂದಕ್ಕೆ ನಾಲ್ಕು ಕಾಳಿಗೇ ಕಿಡ್ನಿ ಕೈಕೊಡುತ್ತೆ. ಈಚೆಗೆ ಅನುಮಾನ ಇರುವುದು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ದಂಡಿಯಾಗಿದೆ. ಹಾಗಾಗಿ "ಬಿಸ್ಕೆಟ್ ಬೇಡ ಅಂದರೆ ಎರಡು ತುತ್ತು ಹುಳಿಯನ್ನ" ಅನ್ನುವ ಯೋಚನೆಯೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣ ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಕೇಕಿಗೆ ಹಾಕುವ ಜಾಯಿಕಾಯಿ ಕೂಡ ದೂರ ಇಡಿ.

ಅಂಗಡಿ ಪೀನಟ್ ಬಟರ್ ಹಾಕುವುದಾದರೆ ಲೇಬಲ್ ಓದಿ. ಸಕ್ಕರೆ ಇಲ್ಲ ಅಂತ ದೊಡ್ಡದಾಗಿ ಬರೆದಿದ್ದರೆ ಇನ್ನೂ ಎಚ್ಚರ. ಕ್ಸೈಲಿಟಾಲ್ ಅಂತಲೋ, ಬರೀ 967 ಅಂತ ನಂಬರೋ ಇದ್ದರೆ ಮುಟ್ಟಬೇಡಿ. ನಮಗೆ ಏನೂ ಮಾಡದ ಆ ಸಿಹಿ ನಾಯಿಯ ಮೈಯಲ್ಲಿ ಇನ್ಸುಲಿನ್ ಒಮ್ಮೆಲೇ ಏರಿಸಿ ಸಕ್ಕರೆ ಅಂಶ ಕುಸಿಯುವ ಹಾಗೆ ಮಾಡುತ್ತೆ. ಅರ್ಧ ಗಂಟೆಯಲ್ಲೇ ನಾಯಿ ತೂರಾಡಬಹುದು.

ಲಿವರ್ ಪುಡಿ ಹಾಕುವವರಿಗೆ ಒಂದು ಮಾತು. ಆಗಾಗ ಸ್ವಲ್ಪ ಸರಿ, ದಿನಾ ಬೇಡ. ವಿಟಮಿನ್ ಎ ಮೈಯಲ್ಲೇ ಕೂಡಿಕೊಳ್ಳುತ್ತಾ ಹೋಗುತ್ತೆ.

ಇನ್ನು ಲೆಕ್ಕ. ತಿಂಡಿ ಅಂತ ಕೊಡುವುದೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಪಾಲು ದಾಟಬಾರದು. ಕರಿಯನಿಗೆ 70. ಆ ಬಿಲ್ಲೆ 9 ಆದರೆ ದಿನಕ್ಕೆ ಏಳು. ಅಷ್ಟನ್ನು ಊಟದಲ್ಲಿ ಕಳೆಯಿರಿ. ಆರೋಗ್ಯಕರ ಅಂತ ಮೇಲಿಂದ ಮೇಲೆ ಸೇರಿಸಿದರೆ ರಾಗಿಯೂ ಮೈ ಬರಿಸುತ್ತೆ. ಮೊದಲ ಎರಡು ದಿನ ಒಂದೆರಡು ಕೊಟ್ಟು ನೋಡಿ. ತುರಿಕೆ, ಭೇದಿ ಏನೂ ಇಲ್ಲದಿದ್ದರೆ ಮುಂದುವರಿಸಿ.


ಕರಿಯನಮ್ಮ, ಮೈಸೂರು

ಮೂರು ವಾರ ಆಯಿತು, ವರದಿ ಒಪ್ಪಿಸಲು ಬಂದಿದ್ದೇನೆ.

ದ್ರಾಕ್ಷಿ ಡಬ್ಬ ಅಟ್ಟ ಸೇರಿದೆ. ಹುಬ್ಬಳ್ಳಿ ತಮ್ಮನಿಗೆ ದೊಡ್ಡ ನಮಸ್ಕಾರ, ಆವತ್ತು ಸಂಜೆಯೇ ರುಬ್ಬುವವಳಿದ್ದೆ.

ಹಾಸನದ ಅಳತೆ, ತೀರ್ಥಹಳ್ಳಿ ಶಾಖ. ಬಿಸಿನೀರು ಬಿದ್ದ ತಕ್ಷಣ ಹಿಟ್ಟಿನ ಬಣ್ಣವೇ ಬದಲಾಯಿತು, ಬೂದಿ ಹೋಗಿ ಚಾಕೊಲೇಟ್. ಮುದ್ದೆ ವಾಸನೆ ಬಂತು. ಅಂಚು ಬಿರಿಯಲಿಲ್ಲ. ನನ್ನ ಮಗಳು ಮುಚ್ಚಳದಲ್ಲಿ ಒತ್ತಿದಳು, 76 ಬಿಲ್ಲೆ ಬಂದವು. (ನಾಲ್ಕರ ಹಿಟ್ಟು ಮಣೆ ಕೆಳಗೆ ಕಾಯುತ್ತಿದ್ದವನ ಪಾಲಾಯಿತು.) ಎರಡನೇ ಸುತ್ತು ಒಣಗಿಸಿದ ಮೇಲೆ ಒಂದನ್ನು ಮುರಿದೆ. ಟಕ್! ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಹತ್ತು ದಿನ ಆದರೂ ಡಬ್ಬದಲ್ಲಿ ಏನೂ ಆಗಿಲ್ಲ.

ಖಡಕ್ ರೊಟ್ಟಿಯೂ ತರಿಸಿದೆ. ಅಂಗಡಿಯದ್ದರಲ್ಲಿ ಉಪ್ಪಿತ್ತು, ಅದಕ್ಕೆ ಅದು ನಮ್ಮ ಹೊಟ್ಟೆಗೆ ಹೋಯಿತು. ಶೇಂಗಾ ಚಟ್ನಿ ಜೊತೆ.

ಬೆಳಗ್ಗೆ ಒಂದು ಸಣ್ಣ ಸ್ಟೀಲ್ ಡಬ್ಬಕ್ಕೆ ಏಳು ಬಿಲ್ಲೆ ಎಣಿಸಿ ಹಾಕಿ ಮಾವನ ಕುರ್ಚಿ ಪಕ್ಕ ಇಡುತ್ತೇನೆ. ಇವತ್ತಿನ ಕೋಟಾ ಇಷ್ಟೇ ಅಂತ ಹೇಳಿದೆ. ಮೊದಲ ದಿನ ಮುಖ ಸಣ್ಣದಾಯಿತು. ಎರಡನೇ ದಿನ ನೋಡಿದರೆ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ಎರಡು ಮಾಡುತ್ತಿದ್ದರು. ಏಳು ಹದಿನಾಲ್ಕಾಯಿತು. ಕಾಫಿಗೆ ಮೂರು, ಪೇಪರ್ ಓದುವಾಗ ಒಂದು, ಗೇಟ್ ಹತ್ತಿರ ಹೋಗಿ ಬಂದರೆ ಒಂದು. ಕರಿಯನಿಗಂತೂ ಮೊದಲಿಗಿಂತ ಜಾಸ್ತಿ ಸಿಗುತ್ತಿದೆ ಅನ್ನೋ ಖುಷಿ. ಮೊನ್ನೆ ತೂಕ ನೋಡಿಸಿದೆವು, 22.4.

ನಿನ್ನೆ ಸಂಜೆ ಡಬ್ಬ ತೊಳೆಯಲು ತೆಗೆದುಕೊಂಡರೆ ಮಾವ, "ನಾಳೆಯಿಂದ ಎಂಟು ಹಾಕಮ್ಮ" ಅಂದರು. ಆಗಲ್ಲ ಮಾವ, ಡಾಕ್ಟ್ರು ಏಳೇ ಹೇಳಿರೋದು ಅಂದೆ.

"ಅವನಿಗಲ್ಲ, ನನಗೆ. ಕಾಫಿಗೆ ಚೆನ್ನಾಗಿರುತ್ತೆ."