ಸಹಾಯ ಬೇಕು: ‘ಸಾಕ್ಷಿ’ಯ ಹಳೇ ಸಂಚಿಕೆಗಳು

ಸ್ನೇಹಿತರೇ, ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರ. ಅಟ್ಟದಿಂದ ಅಪ್ಪನ ಪೆಟ್ಟಿಗೆ ಇಳಿಸಿದಾಗ, ಕವಿ ಗೋಪಾಲಕೃಷ್ಣ ಅಡಿಗರು 1962ರಲ್ಲಿ ಶುರು ಮಾಡಿದ ‘ಸಾಕ್ಷಿ’ ಸಾಹಿತ್ಯ ಪತ್ರಿಕೆಯ ಐದು ಸಂಚಿಕೆ ಸಿಕ್ಕವು. ಅಡಿಗರು ಇಲ್ಲಿನ ಲಾಲ್ ಬಹದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು ಅಂತ ಅಪ್ಪನಿಗೆ ಭಾರೀ ಹೆಮ್ಮೆ. ಆದರೆ ನಮ್ಮ ಮಳೆಗಾಲದ ಥಂಡಿ ಬಿಡುತ್ತದಾ? ಒಂದರ ಹಾಳೆಗಳು ಒಣಗದ ಹಪ್ಪಳದ ಹಾಗೆ ಅಂಟಿಕೊಂಡಿವೆ. ಇನ್ನೊಂದರ ಮುಖಪುಟವನ್ನು ಗೆದ್ದಲು ತಿಂದು ಸಂಚಿಕೆ ಸಂಖ್ಯೆಯೇ ಹೋಗಿದೆ. ಒಳಗೆ ಒಂದೇ ಪುಸ್ತಕದ ವಿಮರ್ಶೆ ಪುಟಗಟ್ಟಲೆ ಇದೆ! ಈಗಿನ ವಿಶೇಷಾಂಕಗಳಲ್ಲಿ ಜಾಹೀರಾತೇ ಜಾಸ್ತಿ, ಅಲ್ವಾ?

ಹಾಳೆ ಹರಿಯದ ಹಾಗೆ ಬಿಡಿಸುವುದು ಹೇಗೆ? ಶಿವಮೊಗ್ಗ, ಹೆಗ್ಗೋಡು ಕಡೆ ಯಾರ ಹತ್ತಿರವಾದರೂ ಹಳೇ ಸಂಚಿಕೆಗಳಿದ್ದರೆ ತಿಳಿಸಿ. ಮನೆಗೇ ಬಂದು, ಅಲ್ಲೇ ಕೂತು ಹೋಲಿಸಿ ನೋಡುತ್ತೇನೆ. ಒಯ್ಯುವುದಿಲ್ಲ, ಹೆದರಬೇಡಿ.