ಒಂದೇ ದೇಹ, ಇಬ್ಬರು ‘ನಾನು’: ಕಥೆಗೆ ಸಹಾಯ ಬೇಕು

ಗುಂಪಿನ ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನಡೆಯುವ ನೀಳ್ಗತೆಯೊಂದನ್ನು ಬರೆಯುತ್ತಿದ್ದೇನೆ. ನಡುವಯಸ್ಸಿನ ಶಿಕ್ಷಕಿ ಮತ್ತು ಹನ್ನೆರಡರ ಹುಡುಗ ಒಂದೇ ದೇಹದಲ್ಲಿ ಬಾಳುತ್ತಾರೆ. ಲೈನ್ ಬಜಾರದಲ್ಲಿ ಮನೆಗೆಂದು ಕಟ್ಟಿಸಿದ ಪೇಢೆಯ ಪೊಟ್ಟಣದ ದಾರವನ್ನು ಅವಳ ಬೆರಳುಗಳು ಅಂಗಡಿಯ ಮೆಟ್ಟಿಲ ಮೇಲೆಯೇ ಬಿಚ್ಚತೊಡಗುತ್ತವೆ. ಮುಂದಿನ ವಾಕ್ಯ ಯಾರದು ಎಂಬಲ್ಲಿ ಬರವಣಿಗೆ ನಿಂತಿದೆ.

ತೊಡಕು ಭಾಷೆಯದು. ‘ಬಂದೆ’ ಎಂದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ‘ಬಂದಳು’ ಎಂದೊಡನೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಉತ್ತಮ ಪುರುಷದಲ್ಲಿಯೇ ಹೇಳಿಸಿ, ಶಿಕ್ಷಕಿಗೆ ‘ನನಗೆ ಬೇಡ’, ಹುಡುಗನಿಗೆ ‘ನಾ ಒಲ್ಲೆ’ ಎಂಬ ಮಾತುಗಳನ್ನು ಕೊಟ್ಟಿದ್ದೇನೆ. ಆದರೆ ನಮ್ಮ ಆಡುಮಾತು ಬಂದಲ್ಲೆಲ್ಲ ಓದುಗರು ನಗಲು ಸಿದ್ಧರಾಗುತ್ತಾರೆಂಬ ಅಳುಕಿದೆ (ಆ ಚಟ ಹಿಡಿಸಿದ್ದು ಸಿನಿಮಾದವರೇ).

2004ರ ‘ಆಪ್ತಮಿತ್ರ’ದಲ್ಲಿ ಗಂಗಾ ನಾಗವಲ್ಲಿಯಾಗುವಾಗ ಭಯವೇ ಮುಂದಾಗುತ್ತದೆ, ಕಾರ್ನಾಡರ ‘ಹಯವದನ’ದಲ್ಲಿ ತಲೆಗಳು ಅದಲುಬದಲಾಗುತ್ತವೆ, ಅದು ಬೇರೆಯೇ ಪ್ರಶ್ನೆ. ಒಳಗಿನ ಇನ್ನೊಬ್ಬರು ದೆವ್ವವೂ ಕೊಲೆಗಾರರೂ ಆಗಿರದೆ, ನೆರೆಮನೆಯವರಂತೆ ಹೊಂದಿಕೊಂಡೋ ಜಗಳವಾಡಿಯೋ ಇರುವ ಕನ್ನಡ ಕಥೆ, ನಾಟಕಗಳು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಮನೋವೈದ್ಯರಿಗೆ ಇನ್ನೊಂದು ವಿನಂತಿ. ಮನೋವೈದ್ಯಕೀಯವು ‘ಬಹು ವ್ಯಕ್ತಿತ್ವ’ ಎಂಬ ಹೆಸರನ್ನು 1994ರಲ್ಲಿ ಬದಲಿಸಿ, ನೆನಪಿನ ಬಿರುಕುಗಳನ್ನು ಮುಖ್ಯ ಲಕ್ಷಣವಾಗಿ ಎಣಿಸುತ್ತದೆ. ಹಾಗಿದ್ದರೆ ಖಾಲಿ ಪೊಟ್ಟಣ ಹಿಡಿದು ಮನೆಗೆ ಬಂದ ಶಿಕ್ಷಕಿ ತನಗೇ ನೆನಪಿಲ್ಲದ ಆ ಅರ್ಧ ಗಂಟೆಯ ಬಗ್ಗೆ ಅತ್ತೆಗೆ ಏನು ಹೇಳಿಯಾಳು? ಇಂಥವರು ದಿನನಿತ್ಯ ಹೇಗೆ ಸಂಭಾಳಿಸುತ್ತಾರೆಂದು, ಯಾರ ಗುರುತೂ ಬಿಟ್ಟುಕೊಡದೆ, ತಿಳಿಸಿದರೆ ಉಪಕಾರವಾಗುತ್ತದೆ.