ಪ್ರಾಕ್ಟೀಸ್‌ನಲ್ಲಿ ಏಮ್ ಸರಿ ಇದೆ, ಮ್ಯಾಚ್‌ನಲ್ಲಿ ಮಾತ್ರ ಗುಂಡು ತಾಗುತ್ತಿಲ್ಲ

ನಿಶಾನೆ_ಹುಡುಕಾಟ:
ಕೌಂಟರ್-ಸ್ಟ್ರೈಕ್ 2 ಅನ್ನುವ ಶೂಟಿಂಗ್ ಗೇಮ್ ಆಡುತ್ತೇನೆ. ಪ್ರಾಕ್ಟೀಸ್ ಮ್ಯಾಪ್‌ನಲ್ಲಿ ಬಾಟ್‌ಗಳ (ಕಂಪ್ಯೂಟರ್ ಆಡಿಸುವ ಎದುರಾಳಿಗಳ) ತಲೆಗೆ ಸಾಲಾಗಿ ಹೊಡೆಯುತ್ತೇನೆ. ಮ್ಯಾಚ್‌ನಲ್ಲಿ ಎದುರಾಳಿ ಕಂಡ ತಕ್ಷಣ ಕ್ರಾಸ್‌ಹೇರ್ (ಪರದೆ ನಡುವಿನ ಗುರಿಯ ಗುರುತು) ಅವನನ್ನು ದಾಟಿ ಆಚೆ ಹೋಗುತ್ತದೆ. ವಾಪಸ್ ತರುವಷ್ಟರಲ್ಲಿ ನಾನು ಸತ್ತಿರುತ್ತೇನೆ. ಕ್ರಾಸ್‌ಹೇರ್ ತಲೆಯ ಮೇಲೇ ಇದ್ದಾಗಲೂ ಎಷ್ಟೋ ಸಲ ಗುಂಡು ತಾಗುವುದಿಲ್ಲ. ಮೌಸ್ 1600 ಡಿಪಿಐ (ಒಂದಿಂಚು ಸರಿದರೆ ಮೌಸ್ ಎಣಿಸುವ ಹೆಜ್ಜೆಗಳು), ಗೇಮ್ ಸೆನ್ಸಿಟಿವಿಟಿ (ಅದನ್ನು ಗೇಮ್ ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) 2.5. ಏಮ್ ಟ್ರೈನರ್ (ಗುರಿ ಅಭ್ಯಾಸದ ಗೇಮ್) ಜಾಸ್ತಿ ಆಡಬೇಕಾ, ಇಲ್ಲಾ ಮೌಸ್ ಬದಲಿಸಬೇಕಾ?

ಗುರಿಕಾರ:
ಮೌಸ್ ಬದಲಿಸಬೇಡಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಕ್ರಾಸ್‌ಹೇರ್ ದಾಟಿ ಹೋಗುವುದಕ್ಕೆ ನಿಮ್ಮ ಸೆನ್ಸಿಟಿವಿಟಿ ಒಂದು ಕಾರಣ. 1600ನ್ನು 2.5ರಿಂದ ಗುಣಿಸಿದರೆ 4000. ಅಂದರೆ ಮೌಸ್ ಬರೀ 10 ಸೆಂಟಿಮೀಟರ್ ಸರಿದರೆ ನೀವು ಪೂರ್ತಿ ಒಂದು ಸುತ್ತು ತಿರುಗಿಬಿಡುತ್ತೀರಿ. ದೂರದ ತಲೆಗೆ ಗುರಿ ಇಡಲು ಕೂದಲೆಳೆಯಷ್ಟು ಸರಿಸಬೇಕು, ಗಾಬರಿಯಲ್ಲಿ ಯಾರ ಕೈಗೂ ಅದು ಆಗುವುದಿಲ್ಲ. 800 ಡಿಪಿಐ, ಸೆನ್ಸಿಟಿವಿಟಿ 1.2 ಇಟ್ಟು ನೋಡಿ. ಆಗ ಒಂದು ಸುತ್ತಿಗೆ ಸುಮಾರು 43 ಸೆಂಟಿಮೀಟರ್ ಬೇಕು. ಮಣಿಕಟ್ಟಿನ ಜೊತೆ ತೋಳೂ ಆಡಬೇಕಾಗುತ್ತದೆ, ಹಾಗಾಗಿ ಮೌಸ್‌ಪ್ಯಾಡ್ ದೊಡ್ಡದಿರಲಿ. ಮೊದಲಿಗೆ ಕೈ ಭಾರ ಅನಿಸುತ್ತದೆ, ಆದರೂ ದಿನಕ್ಕೊಂದು ಸಲ ಬದಲಿಸುತ್ತಾ ಕೂರಬೇಡಿ.

ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೇರೆ. ಪ್ರಾಕ್ಟೀಸ್‌ನಲ್ಲಿ ನೀವು ನಿಂತಿರುತ್ತೀರಿ, ಬಾಟ್ ಎಲ್ಲಿ ಬರುತ್ತದೆ ಅಂತ ಗೊತ್ತಿರುತ್ತದೆ. ಮ್ಯಾಚ್‌ನಲ್ಲಿ ಎರಡೂ ಇಲ್ಲ ಅಲ್ವಾ? ನೀವು ಸತ್ತ ಒಂದೆರಡು ರೌಂಡ್‌ಗಳ ಡೆಮೊ (ಮ್ಯಾಚ್‌ನ ರೆಕಾರ್ಡಿಂಗ್) ತೆಗೆದು ನಿಧಾನವಾಗಿ ಓಡಿಸಿ. ಎದುರಾಳಿ ಕಾಣುವ ಮುಂಚಿನ ಕ್ಷಣದಲ್ಲಿ ಕ್ರಾಸ್‌ಹೇರ್ ಎಲ್ಲಿದೆ? ಟ್ರಿಗರ್ ಒತ್ತುವಾಗ ನೀವು ನಿಂತಿದ್ದೀರಾ, ನಡೆಯುತ್ತಿದ್ದೀರಾ? ಇವೆರಡನ್ನೇ ನೋಡಿ ಹೇಳಿ.

ನಿಶಾನೆ_ಹುಡುಕಾಟ:
ನೋಡಿದೆ. ಓಡುವಾಗ ಕ್ರಾಸ್‌ಹೇರ್ ಬಹುತೇಕ ನೆಲದ ಕಡೆ ಇದೆ. ತಿರುವಿನಲ್ಲಿ ಗೋಡೆಯ ಅಂಚಿಗೆ ಅಂಟಿಕೊಂಡಿದೆ. ಹೊಡೆಯುವಾಗ ಬಲಕ್ಕೆ ಹೋಗುವ ‘ಡಿ’ ಕೀ ಬಿಟ್ಟಿದ್ದೇನೆ, ಆದರೂ ಪಾತ್ರ ಇನ್ನೂ ಸ್ವಲ್ಪ ಜಾರುತ್ತಿದೆ.

ಗುರಿಕಾರ:
ಹಾಗಾದರೆ ಕಾರಣ ಸಿಕ್ಕಿತು. ಜಾರುವುದರಿಂದ ಶುರು ಮಾಡೋಣ. ಈ ಗೇಮ್‌ನಲ್ಲಿ ಕೀ ಬಿಟ್ಟ ತಕ್ಷಣ ನೀವು ನಿಲ್ಲುವುದಿಲ್ಲ. ಕೈಲಿರುವ ಗನ್ನಿನ ಗರಿಷ್ಠ ವೇಗದ ಶೇ 34ಕ್ಕಿಂತ ಕೆಳಗೆ ಬರುವ ತನಕ ಚಲನೆಯಿಂದಾಗಿ ಗುಂಡು ಚದುರುತ್ತದೆ. ಕ್ರಾಸ್‌ಹೇರ್ ತಲೆ ಮೇಲಿದ್ದರೂ ತಾಗದಿರುವುದು ಇದಕ್ಕೇ. ಬಲಕ್ಕೆ ಹೋಗುತ್ತಿದ್ದರೆ ‘ಡಿ’ ಬಿಟ್ಟು ‘ಎ’ಯನ್ನು ಒಮ್ಮೆ ಮುಟ್ಟಿ ಬಿಡಿ, ಆಗ ಹೊಡೆಯಿರಿ. ಇದೇ ಕೌಂಟರ್-ಸ್ಟ್ರೇಫ್. ‘ಎ’ ಜಾಸ್ತಿ ಹೊತ್ತು ಒತ್ತಿದರೆ ಎಡಕ್ಕೆ ನಡೆಯಲು ಶುರು ಮಾಡುತ್ತೀರಿ, ಮತ್ತೆ ಅದೇ ಕಥೆ. ಖಾಲಿ ಮ್ಯಾಪ್‌ನಲ್ಲಿ ಗೋಡೆಗೆ ಒಂದೊಂದೇ ಗುಂಡು ಹೊಡೆದು ನೋಡಿ. ಸರಿಯಾಗಿ ನಿಂತಿದ್ದರೆ ಗುರುತು ಕ್ರಾಸ್‌ಹೇರ್ ಹತ್ತಿರವೇ ಬೀಳುತ್ತದೆ.

ಇನ್ನು ತಿರುವು. ಕ್ರಾಸ್‌ಹೇರ್ ಯಾವಾಗಲೂ ತಲೆಯ ಎತ್ತರದಲ್ಲಿರಲಿ, ಆದರೆ ಗೋಡೆಯ ಅಂಚಿಗೆ ಅಂಟಿಸಬೇಡಿ. ಅಂಟಿಸಿದರೆ ನೀವು ಗುಂಡು ಬಿಡುವಷ್ಟರಲ್ಲಿ ಎದುರಾಳಿ ಅಲ್ಲಿಂದ ಮುಂದೆ ಬಂದಿರುತ್ತಾನೆ. ಅಂಚಿನಿಂದ ಸ್ವಲ್ಪ ಆಚೆ, ಅವನು ಬರುವ ಜಾಗದಲ್ಲಿ ಇಟ್ಟು ಕಾಯಿರಿ. ಸಾಧ್ಯವಾದರೆ ಗೋಡೆಯಿಂದ ದೂರ ನಿಲ್ಲಿ. ಗೋಡೆಗೆ ಹತ್ತಿರ ನಿಂತಷ್ಟೂ ಆಚೆ ಇರುವವನಿಗೆ ನಿಮ್ಮ ಭುಜ ಮೊದಲೇ ಕಾಣುತ್ತದೆ. ಏಮ್ ಚೆನ್ನಾಗಿರುವವರನ್ನು ಗಮನಿಸಿ, ಅವರ ಮೌಸ್ ಸರಿದಾಡುವುದೇ ಕಡಿಮೆ.

ಎರಡನೇ_ಬುಲೆಟ್:
ಒಂದು ಮಾತು ಸೇರಿಸುತ್ತೇನೆ. ವಿ-ಸಿಂಕ್ (ಗೇಮ್‌ನ ಚಿತ್ರಗಳನ್ನು ಮಾನಿಟರ್ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್) ಆನ್ ಇದ್ದರೆ ಮೌಸ್ ತಡವಾಗಿ ಬಂದಂತೆ ಅನಿಸುತ್ತದೆ, ಆಫ್ ಮಾಡಿ ನೋಡಿ. ಮಾನಿಟರ್ 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ) ಇದ್ದರೂ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಸುಮ್ನೆ 60ಕ್ಕೇ ನಿಂತಿರುವುದುಂಟು. 60ರಲ್ಲಿ ಹೊಸ ಚಿತ್ರ 16.7 ಮಿಲಿಸೆಕೆಂಡಿಗೊಮ್ಮೆ, 144ರಲ್ಲಿ ಸುಮಾರು 7ಕ್ಕೊಮ್ಮೆ. ಚಲಿಸುವ ತಲೆಯನ್ನು ಹಿಂಬಾಲಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ನಿಶಾನೆ_ಹುಡುಕಾಟ:
ನೋಡಿದರೆ 60ರಲ್ಲೇ ಇತ್ತು, ಬದಲಿಸಿದೆ. ಕೌಂಟರ್-ಸ್ಟ್ರೇಫ್ ಗೋಡೆ ಮೇಲೆ ಬರುತ್ತಿದೆ, ಆದರೆ ಡೆತ್‌ಮ್ಯಾಚ್‌ನಲ್ಲಿ (ಸತ್ತರೂ ತಕ್ಷಣ ಮತ್ತೆ ಹುಟ್ಟಿ ಆಡುವ ಮೋಡ್) ಮರೆತು ಸ್ಪ್ರೇ ಮಾಡಿಬಿಡುತ್ತೇನೆ, ಅಂದರೆ ಒಂದೇ ಸಮನೆ ಗುಂಡು ಸುರಿಸುತ್ತೇನೆ. ಏನು ಮಾಡಲಿ?

ಗುರಿಕಾರ:
ಡೆತ್‌ಮ್ಯಾಚ್‌ನಲ್ಲಿ ಸ್ಕೋರ್ ನೋಡಬೇಡಿ. ಎಕೆ-47 ತೆಗೆದುಕೊಳ್ಳಿ, ಹೆಲ್ಮೆಟ್ ಇದ್ದರೂ ತಲೆಗೆ ಒಂದೇ ಗುಂಡು ಸಾಕು. ನಿಲ್ಲುವುದು, ಒಂದು ಗುಂಡು, ತಾಗದಿದ್ದರೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲುವುದು, ಇಷ್ಟೇ ಅಭ್ಯಾಸ. ಸತ್ತರೂ ಪರವಾಗಿಲ್ಲ. ಸ್ಪ್ರೇ ಕಂಟ್ರೋಲ್ ಆಮೇಲೆ ಕಲಿಯಬಹುದು, ಅಲ್ಲಿಯ ತನಕ ಅದನ್ನು ತೀರಾ ಹತ್ತಿರ ಬಂದವರಿಗೆ ಮಾತ್ರ ಇಟ್ಟುಕೊಳ್ಳಿ. ಒಂದು ವಾರ ಆಡಿ, ಮತ್ತೊಂದು ಡೆಮೊ ನೋಡಿ, ತಿರುವಿನಲ್ಲಿ ಕ್ರಾಸ್‌ಹೇರ್ ಎಲ್ಲಿತ್ತು ಅಂತ ಇಲ್ಲೇ ಬರೆಯಿರಿ.